ಪ್ರೊ. ದೇವಧರ್: ಕಾಲೇಜು, ಕುಲ ಮತ್ತು ಕ್ರಿಕೆಟ್ ತಂಡ

ಪುಣೆಯಲ್ಲಿ ಕೆಲಕಾಲವಾದರೂ ದುಡಿದಿರುವ ಕನ್ನಡಿಗರಿಗೆ ತಿಲಕ ರಸ್ತೆಯ ಸರ್ ಪರಶುರಾಮಭಾವೂ ಕಾಲೇಜು ಅಪರಿಚಿತವಲ್ಲ. ಊರಿನವರ ಬಾಯಲ್ಲಿ ಅದು ಎಸ್.ಪಿ. ಕಾಲೇಜು. ಆ ಹೆಸರಿನ ಪರಶುರಾಮಭಾವೂ ಪಟವರ್ಧನರು ನಮ್ಮ ಜಮಖಂಡಿ ಸಂಸ್ಥಾನದ ಅರಸರಾಗಿದ್ದರೆಂಬುದು ಮಾತ್ರ ಅದರ ಗೇಟಿನ ಮುಂದೆ ದಿನವೂ ಹಾದುಹೋಗುವ ನಮ್ಮವರಲ್ಲಿ ಅನೇಕರಿಗೆ ತಿಳಿದಿರಲಾರದು. 1916ರಲ್ಲಿ ಶಿಕ್ಷಣ ಪ್ರಸಾರಕ ಮಂಡಳಿಯವರು ನ್ಯೂ ಪೂನಾ ಕಾಲೇಜೆಂಬ ಹೆಸರಿನಿಂದ ಆರಂಭಿಸಿದ ಆ ವಿದ್ಯಾಲಯವು ಜಮಖಂಡಿಯ ಅರಸು ಮನೆತನದ ದಾನವನ್ನು ಪಡೆದು, ಆ ಅರಸರ ಹೆಸರನ್ನೇ ತನ್ನ ಹೆಸರಾಗಿ ಧರಿಸಿತು. ಈ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಒಬ್ಬ ಪ್ರಾಧ್ಯಾಪಕರು ಭಾರತದ ಕ್ರಿಕೆಟ್ ಇತಿಹಾಸದಲ್ಲಿ ಯಾರಿಗೂ ಅಳಿಸಲಾಗದ ಸ್ಥಾನವನ್ನು ಪಡೆದರು. ಅವರೇ ದಿವಂಗತ ಪ್ರೊ. ದಿನಕರ ಬಳವಂತ ದೇವಧರ್.

ಅವರು ಪಡೆದ ಓಟಗಳ ಲೆಕ್ಕವು ಪುಸ್ತಕಗಳಲ್ಲಿದೆ, ಬೇಕಾದವರು ನೋಡಿಕೊಳ್ಳಬಹುದು. ಅವರ ಜೀವನವನ್ನು ಇಲ್ಲಿ ಹೇಳಹೊರಟಿರುವುದು ಬೇರೊಂದು ಕಾರಣಕ್ಕಾಗಿ. ಹನ್ನೊಂದು ಜನರು ಒಂದು ಹೆಸರಿನ ಕೆಳಗೆ ಮೈದಾನಕ್ಕಿಳಿಯುವಾಗ ಆ ಹೆಸರು ಯಾವುದಿರಬೇಕು, ಅದರೊಳಗೆ ಯಾರಿಗೆ ಪ್ರವೇಶ, ಯಾರಿಗೆ ಇಲ್ಲ ಎಂಬ ಪ್ರಶ್ನೆಯು ಅವರ ಆಯುಷ್ಯದ ಉದ್ದಕ್ಕೂ ಅವರ ಬೆನ್ನ ಹಿಂದೆಯೇ ನಡೆದುಬಂದಿತು.

ದೇವಧರರು ಹುಟ್ಟಿದ್ದು 1892ರ ಜನವರಿ 14ರಂದು, ಪುಣೆಯಲ್ಲಿ. ಅದೇ ವರ್ಷದಲ್ಲಿ ಮುಂಬಯಿ ಪ್ರಾಂತದ ಯುರೋಪಿಯನ್ನರಿಗೂ ಪಾರ್ಸಿಗಳಿಗೂ ನಡುವೆ ಪ್ರಥಮ ದರ್ಜೆಯ ವಾರ್ಷಿಕ ಪಂದ್ಯಗಳು ಆರಂಭವಾದವು. 1907ರಲ್ಲಿ ಹಿಂದೂಗಳು ಸೇರಿ ಅದು ತ್ರಿಕೋಣ ಪಂದ್ಯಾವಳಿಯಾಯಿತು. 1912ರಲ್ಲಿ ಮುಸಲ್ಮಾನರು ಸೇರಿ ಚತುಷ್ಕೋಣವಾಯಿತು. 1937ರಲ್ಲಿ ಈ ನಾಲ್ಕು ಗುಂಪುಗಳಲ್ಲಿ ಯಾವುದಕ್ಕೂ ಸಲ್ಲದವರಿಗಾಗಿ ಉಳಿದವರು ಎಂಬ ಐದನೆಯ ತಂಡವೊಂದು ಹುಟ್ಟಿತು. ಅಂದರೆ ಆ ಕಾಲದಲ್ಲಿ ದೊಡ್ಡ ಕ್ರಿಕೆಟ್ ಆಡಬೇಕೆನ್ನುವವನು ಮೊದಲು ತನ್ನ ಧರ್ಮ ಯಾವುದೆಂದು ಹೇಳಿಕೊಳ್ಳಬೇಕಾಗಿತ್ತು. ಕೆಲವು ವರ್ಷ ಈ ಪಂದ್ಯಗಳು ಪುಣೆಯಲ್ಲಿಯೂ ನಡೆಯುತ್ತಿದ್ದುದರಿಂದ, ಅಲ್ಲಿಯ ಹುಡುಗರಿಗೆ ಕ್ರಿಕೆಟ್ ಎಂಬುದು ಕೇವಲ ಸಾಹೇಬರ ಆಟವಾಗಿ ಉಳಿಯಲಿಲ್ಲ.

ದೇವಧರರ ಕಥೆಯನ್ನು ಮುಂದುವರಿಸುವ ಮೊದಲು ನಮ್ಮ ಧಾರವಾಡದಲ್ಲಿ ಹುಟ್ಟಿದ ಒಬ್ಬ ಮಹಾ ಆಟಗಾರನನ್ನು ನೆನೆಯುವುದು ಅವಶ್ಯ. ಅವರು ಪಾಲವಣಕರ್ ಬಾಳೂ. ಚಮ್ಮಾರ ಕುಲದಲ್ಲಿ ಹುಟ್ಟಿ, ಪುಣೆಗೆ ಬಂದು, ಮೊದಲು ಪಾರ್ಸಿಗಳ ಕ್ರಿಕೆಟ್ ಮೈದಾನದಲ್ಲಿಯೂ ಅನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿಯೂ ನೆಲ ಗುಡಿಸಿ ರೋಲರು ಎಳೆಯುವ ಕೆಲಸಕ್ಕೆ ಸೇರಿದವರು. ತಿಂಗಳ ಸಂಬಳ ಮೂರು ನಾಲ್ಕು ರೂಪಾಯಿ. ಬಿಡುವಿನ ವೇಳೆಯಲ್ಲಿ ಸಾಹೇಬರ ಅಭ್ಯಾಸಕ್ಕಾಗಿ ಎಡಗೈಯಿಂದ ಚೆಂಡೆಸೆಯುತ್ತಾ ಎಸೆಯುತ್ತಾ, ದೇಶದಲ್ಲೇ ಸರಿಸಾಟಿಯಿಲ್ಲದ ಬೌಲರರಾದರು. ಪುಣೆಯ ಹಿಂದೂಗಳು ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಗೆಲ್ಲಬೇಕಾದರೆ ಬೇರೆ ದಾರಿಯಿರಲಿಲ್ಲ. ಆದರೆ ಚಹದ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಒಡೆದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತಿದ್ದರು. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಹೊಟೇಲು ವೃತ್ತಿಯಲ್ಲಿರುವ ನಮ್ಮ ಬಂಧುಗಳಿಗೆ ಬೇರೆ ಲೋಟದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಹಿರಿಯರ ಹೊಟೇಲುಗಳಲ್ಲಿಯೂ ಒಂದು ಕಾಲಕ್ಕೆ ಅಂಥ ಲೋಟಗಳು ಗೋಡೆಯ ಹೊರಗೆ ಕಾಯುತ್ತಿದ್ದುವು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಬಾಳೂ ಅವರು 114 ವಿಕೆಟುಗಳನ್ನು ಕಿತ್ತರು. ಆದರೂ ಹಿಂದೂ ತಂಡದ ನಾಯಕತ್ವವು ಅವರಿಗೆ ಎಂದೂ ವಿಧಿವತ್ತಾಗಿ ದೊರೆಯಲಿಲ್ಲ.

ಅದೇ 1911ನೆಯ ವರ್ಷದಲ್ಲಿ, ಹತ್ತೊಂಬತ್ತರ ಪ್ರಾಯದ ದೇವಧರರು ಪ್ರಥಮ ದರ್ಜೆಯ ಕ್ರಿಕೆಟಿಗೆ ಕಾಲಿಟ್ಟರು. ಅವರ ದಾರಿಯು ಬಾಳೂ ಅವರ ದಾರಿಗಿಂತ ತೀರ ಬೇರೆ. ಪುಣೆಯ ಬ್ರಾಹ್ಮಣ ಮನೆತನ, ಶಾಲೆ, ಕಾಲೇಜು, ಸಂಸ್ಕೃತ ವ್ಯಾಸಂಗ, ಆಮೇಲೆ ಪ್ರಾಧ್ಯಾಪಕ ವೃತ್ತಿ. ಅಂದಿನ ದಿನಗಳಲ್ಲಿ ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವುದು ಸಂಭಾವಿತರಿಗೆ ಸಾಧ್ಯವೂ ಇರಲಿಲ್ಲ, ಭೂಷಣವೂ ಆಗಿರಲಿಲ್ಲ. ಒಂದು ಕೈಯಲ್ಲಿ ವ್ಯಾಕರಣ, ಇನ್ನೊಂದು ಕೈಯಲ್ಲಿ ಬ್ಯಾಟು. ಪತ್ರಿಕೆಗಳು ಅವರನ್ನು ಪ್ರೊ. ದೇವಧರ್ ಎಂದೇ ಬರೆದುವು; ಆ ಪ್ರೊಫೆಸರ್ ಎಂಬ ಶಬ್ದವು ಅವರ ಹೆಸರಿಗೆ ಕೊನೆಯವರೆಗೂ ಅಂಟಿಕೊಂಡಿತು. ಪಟಿಯಾಲ, ನವಾನಗರಗಳ ರಾಜಮಹಾರಾಜರ ಬಿರುದುಗಳು ತುಂಬಿದ್ದ ಆ ಕಾಲದ ಕ್ರಿಕೆಟಿನಲ್ಲಿ, ದುಡಿದು ಸಂಪಾದಿಸಿದ ಬಿರುದು ಇದೊಂದೇ ಎಂದರೂ ತಪ್ಪಾಗದು.

ಈಗ 1920ರ ಪ್ರಕರಣ. ದೇವಧರರ ಅಭಿಮಾನಿಗಳು ಇದನ್ನು ದಾಟಿ ಮುಂದೆ ಹೋಗುವುದುಂಟು. ಹಾಗೆ ದಾಟುವುದು ನ್ಯಾಯವಲ್ಲ. ಆ ವರ್ಷದ ಚತುಷ್ಕೋಣ ಪಂದ್ಯಕ್ಕೆ ಹಿಂದೂ ತಂಡದ ನಾಯಕರಾಗಿ ಎಂ. ಡಿ. ಪೈ ಅವರು ಆಯ್ಕೆಯಾದರು. ವೃದ್ಧಾಪ್ಯಕ್ಕೆ ಹತ್ತಿರವಾಗುತ್ತಿದ್ದ ಬಾಳೂ ಅವರನ್ನು ತಂಡದಿಂದ ಕೈಬಿಟ್ಟರು. ಅಷ್ಟರಲ್ಲಿ ಪೈ ಅವರು ಅಸ್ವಸ್ಥರಾದರು. ನಾಯಕತ್ವವು ಯಾರಿಗೆ? ತಂಡದಲ್ಲಿ ಬಾಳೂ ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಇದ್ದರು. ವಿಠ್ಠಲರು ಆಗ ದೇಶದ ಶ್ರೇಷ್ಠ ದಾಂಡಿಗರಲ್ಲೊಬ್ಬರು. ಆದರೆ ಆಯ್ಕೆಗಾರರು ದೇವಧರರನ್ನು ನಾಯಕರನ್ನಾಗಿ ಮಾಡಿದರು. ತಮಗೆ ಆದ ಅವಮಾನವು ಜಾತಿಯಿಂದ ಬಂದದ್ದೆಂದು ಬಹಿರಂಗವಾಗಿ ಸಾರಿ ಶಿವರಾಮ ವಿಠ್ಠಲರಿಬ್ಬರೂ ತಂಡದಿಂದ ಹೊರಬಂದರು. ಮುಂಬಯಿಯಲ್ಲಿ ಕೋಲಾಹಲವೆದ್ದಿತು. ಮುಂದಿನ ಪಂದ್ಯಕ್ಕೆ ಪೈ ಅವರು ಗುಣಹೊಂದಿ ಹಿಂದಿರುಗಿದರು; ಬಾಳೂ ಅವರನ್ನು ಉಪನಾಯಕರನ್ನಾಗಿ ಕರೆಸಲಾಯಿತು; ತಮ್ಮಂದಿರೂ ಮರಳಿ ಬಂದರು. ಪಂದ್ಯದ ನಡುವೆ ಪೈ ಅವರು ಮೈದಾನದಿಂದ ಹೊರಗೆ ನಿಂತು, ಬಾಳೂ ಅವರು ಕೆಲಹೊತ್ತಾದರೂ ತಂಡವನ್ನು ನಡೆಸುವಂತೆ ಮಾಡಿದರು. 1923ರಲ್ಲಿ ವಿಠ್ಠಲರೇ ಹಿಂದೂ ತಂಡದ ನಾಯಕರಾದರು.

ಆ ನಿರ್ಣಯವು ದೇವಧರರು ಮಾಡಿದ್ದಲ್ಲ, ಆಯ್ಕೆಗಾರರು ಮಾಡಿದ್ದು. ಆಗ ಅವರಿಗೆ 28 ವರ್ಷ. ಆದರೆ ಯಾವ ಹೆಸರಿನ ತಂಡದಲ್ಲಿ ತಮಗೆ ಸುಲಭವಾಗಿ ಸ್ಥಾನ ದೊರೆಯಿತೋ, ಅದೇ ಹೆಸರು ತಮಗಿಂತ ಹಿರಿಯ ಆಟಗಾರನನ್ನು ಹೊರಗೆ ನಿಲ್ಲಿಸುತ್ತದೆಂಬುದನ್ನು ಅವರು ಕಣ್ಣಾರೆ ಕಂಡರು. ಈ ಘಟನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರ ಮುಂದಿನ ಇಪ್ಪತ್ತೈದು ವರ್ಷಗಳನ್ನು ನೋಡಬೇಕೆಂದು ನಮ್ಮ ಅಭಿಪ್ರಾಯ.

ಏಕೆಂದರೆ ಅವರು ಹೊಟ್ಟೆಪಾಡಿಗಾಗಿ ಸೇರಿದ್ದ ಸ್ಥಳದಲ್ಲಿ ಇನ್ನೊಂದು ಬಗೆಯ ತಂಡವಿತ್ತು: ಕಾಲೇಜಿನ ತಂಡ. ಇದರ ಕಟ್ಟುಪಾಡು ಸರಳವಾದುದು. ಕಾಲೇಜಿನ ರಿಜಿಸ್ಟರಿನಲ್ಲಿ ಹೆಸರಿದ್ದರೆ ಸಾಕು, ಆಡುವ ಹಕ್ಕು ಬಂದಿತು. ಪರೀಕ್ಷೆ ಮುಗಿದು ಹೆಸರು ಹೋದರೆ ಹಕ್ಕೂ ಹೋಯಿತು. ಫರ್ಗ್ಯುಸನ್ನಿನ ಹುಡುಗ, ಎಸ್.ಪಿ.ಯ ಹುಡುಗ, 1932ರ ಅನಂತರ ವಾಡಿಯಾ ಕಾಲೇಜಿನ ಹುಡುಗ, ಹೀಗೆ ಎರಡು ನಾಲ್ಕು ವರ್ಷಗಳ ಮಟ್ಟಿಗೆ ಅವನಿಗೆ ಒಂದು ಹೊಸ ಕುಲ. ಕಾಲೇಜುಗಳು ತಮ್ಮತಮ್ಮೊಳಗೆ ಸೆಣಸಿದ ಮೇಲೆ, ಅವುಗಳಲ್ಲಿ ಉತ್ತಮರಾದವರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡವನ್ನು ಕಟ್ಟುತ್ತಾರೆ. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಹಂಗಿಸುತ್ತಿದ್ದ ಹುಡುಗರು ಇಂದು ಒಂದೇ ಟೊಪ್ಪಿಗೆಯ ಕೆಳಗೆ ನಿಲ್ಲುತ್ತಾರೆ. 1935-36ರಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರಿಕೆಟಿಗೆ ರೋಹಿಂಟನ್ ಬಾರಿಯಾ ಟ್ರೋಫಿ ಬಂದಿತು.

ಆಗಿನ ಮುಂಬಯಿ ವಿಶ್ವವಿದ್ಯಾನಿಲಯದ ವ್ಯಾಪ್ತಿಯನ್ನು ಇಂದಿನವರು ಊಹಿಸುವುದು ಕಷ್ಟ. ಪುಣೆಯ ಕಾಲೇಜುಗಳಂತೆಯೇ ಧಾರವಾಡದ ಕರ್ನಾಟಕ ಕಾಲೇಜು, ಬೆಳಗಾವಿಯ ಲಿಂಗರಾಜ ಕಾಲೇಜುಗಳೂ ಅದಕ್ಕೇ ಸೇರಿದ್ದುವು. ಧಾರವಾಡದ ಹುಡುಗನೂ ಪುಣೆಯ ಹುಡುಗನೂ ಒಂದೇ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಆಡಬಹುದಾಗಿತ್ತು. ಭಾಷೆಯ ಗಡಿಯಾಗಲಿ ಧರ್ಮದ ಗಡಿಯಾಗಲಿ ಅಲ್ಲಿ ಬಾಗಿಲು ಮುಚ್ಚುತ್ತಿರಲಿಲ್ಲ.

ಮುಚ್ಚುತ್ತಿದ್ದ ಬಾಗಿಲು ಬೇರೆಯದು. ರಿಜಿಸ್ಟರಿನಲ್ಲಿ ಹೆಸರು ಬರಬೇಕಾದರೆ ಮೆಟ್ರಿಕ್ಯುಲೇಷನ್ ಆಗಬೇಕು, ಫೀ ಕಟ್ಟಬೇಕು, ಹಗಲೆಲ್ಲ ಬಿಡುವಿರಬೇಕು. ಹಗಲು ಹೊಟೇಲಿನಲ್ಲಿ ಮೇಜು ಒರಸಿ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಮ್ಮವರಿಗೆ ಆ ಮೈದಾನವು ದೂರದ ನೋಟವೇ ಆಗಿತ್ತು. ಪಂದ್ಯ ಗೆದ್ದು ಬಂದ ಕಾಲೇಜು ಹುಡುಗರ ಗದ್ದಲವು ಮಾತ್ರ ನಮ್ಮ ಉಡುಪಿ ಹೊಟೇಲುಗಳಲ್ಲಿ ದೋಸೆಯ ಕಾವಲಿಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಫರ್ಗ್ಯುಸನ್ ಕಾಲೇಜು ರಸ್ತೆಯ ನಮ್ಮವರ ವೈಶಾಲಿ, ರೂಪಾಲಿಗಳಲ್ಲಿ ಚಟ್ನಿ ಬಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಧಾರವಾಡದಲ್ಲಿ ಹುಟ್ಟಿದ ಬಾಳೂ ಅವರೂ ಕಾಲೇಜಿನ ಬಾಗಿಲಿನಿಂದ ಬಂದವರಲ್ಲವೆಂಬುದನ್ನು ಇಲ್ಲಿ ಮರೆಯಲಾಗದು.

ದೇವಧರರ ಸ್ವಂತ ಆಟವು 1926ರಲ್ಲಿ ದೇಶದ ಗಮನವನ್ನು ಸೆಳೆಯಿತು. ಆರ್ಥರ್ ಗಿಲಿಗನ್ನರ ನಾಯಕತ್ವದಲ್ಲಿ ಎಂ.ಸಿ.ಸಿ. ತಂಡವು ಬಂದಿದ್ದಾಗ, ಮುಂಬಯಿಯಲ್ಲಿ ಅಖಿಲ ಭಾರತ ತಂಡದ ಪರವಾಗಿ ಅವರು 148 ಓಟಗಳನ್ನು ಹೊಡೆದರು. ಅದೇ ತಂಡದ ವಿರುದ್ಧ ಹಿಂದೂಗಳ ಪರವಾಗಿ ಸಿ. ಕೆ. ನಾಯುಡು ಅವರು ಕೆಲವೇ ದಿನಗಳ ಹಿಂದೆ 153 ಓಟಗಳ ಸಿಡಿಲಾಟವನ್ನು ಆಡಿದ್ದರು. ಇವೆರಡು ಆಟಗಳು ಸೇರಿ, ಭಾರತೀಯರು ಇಂಗ್ಲೆಂಡಿನೊಡನೆ ಸರಿಸಮಾನವಾಗಿ ನಿಲ್ಲಬಲ್ಲರೆಂಬ ನಂಬಿಕೆಯನ್ನು ಹುಟ್ಟಿಸಿದುವು. ಆದರೆ 1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತವು ತನ್ನ ಪ್ರಥಮ ಟೆಸ್ಟ್ ಆಡಿದಾಗ ತಂಡದಲ್ಲಿ ದೇವಧರರಿರಲಿಲ್ಲ. ವಯಸ್ಸು ನಲವತ್ತಾಗಿತ್ತು. ಅಧಿಕೃತ ಟೆಸ್ಟ್ ಪಂದ್ಯವೊಂದನ್ನೂ ಅವರು ಆಡಲೇ ಇಲ್ಲ.

ಅವರ ನಿಜವಾದ ಕಾರ್ಯವು ಆರಂಭವಾದದ್ದು ಸಾಮಾನ್ಯರು ಬ್ಯಾಟನ್ನು ಕಪಾಟಿನಲ್ಲಿಡುವ ಆ ವಯಸ್ಸಿನಲ್ಲಿಯೇ. 1934-35ರಲ್ಲಿ ರಣಜಿ ಟ್ರೋಫಿ ಆರಂಭವಾಯಿತು. ಅಲ್ಲಿ ತಂಡಗಳಿಗೆ ಧರ್ಮದ ಹೆಸರಿಲ್ಲ, ಪ್ರಾಂತದ ಹೆಸರು. ಮುಂಬಯಿ ನಗರಕ್ಕೆ ತನ್ನದೇ ತಂಡವಿದ್ದುದರಿಂದ, ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು ಇನ್ನೊಂದು ತಂಡವು ನಿಂತಿತು. ಅದರ ಹೆಸರು ಮಹಾರಾಷ್ಟ್ರ. ಅಂದು ಭೂಪಟದಲ್ಲಿ ಮಹಾರಾಷ್ಟ್ರವೆಂಬ ರಾಜ್ಯವೇ ಇರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ರಾಜ್ಯವು ಬಂದದ್ದು 1960ರ ಮೇ 1ರಂದು. ಕ್ರಿಕೆಟ್ ತಂಡವು ಅದಕ್ಕಿಂತ ಕಾಲು ಶತಮಾನ ಹಿರಿಯದು. ನಮ್ಮ ಕಡೆ ಇದಕ್ಕೆ ವಿಪರೀತವಾಗಿ ನಡೆಯಿತು. ಕರ್ನಾಟಕವು 1956ರಲ್ಲಿ ಒಂದಾದರೂ ರಾಜ್ಯಕ್ಕೂ ತಂಡಕ್ಕೂ ಮೈಸೂರೆಂಬ ಹೆಸರೇ 1973ರವರೆಗೆ ಉಳಿದಿತ್ತು.

ಇಂಥ ತಂಡಕ್ಕೆ ದೇವಧರರು ನಾಯಕರು. ರಾಜಾಶ್ರಯವಿಲ್ಲ, ಮುಂಬಯಿಯ ವರ್ತಕರಂಥ ಹಣವಿಲ್ಲ. 1939-40ರ ಋತುವಿನಲ್ಲಿ ಪುಣೆಯ ಮೈದಾನದಲ್ಲಿ ಬರೋಡೆಯ ವಿರುದ್ಧ ನಡೆದ ಪಂದ್ಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಿಜಯ ಹಜಾರೆಯವರು ಔಟಾಗದೆ 316 ಓಟಗಳನ್ನು ಮಾಡಿದರು. ಭಾರತದ ನೆಲದಲ್ಲಿ ಭಾರತೀಯನೊಬ್ಬನ ಪ್ರಥಮ ತ್ರಿಶತಕವದು. ಒಂಬತ್ತನೆಯ ವಿಕೆಟಿಗೆ ಅವರ ಜೊತೆಯಲ್ಲಿ ನಿಂತು 245 ಓಟಗಳನ್ನು ಕೂಡಿಸಿದವರು ನಗರವಾಲಾ. ಹಜಾರೆಯವರು ಸಾಂಗಲಿಯ ಕ್ರೈಸ್ತರು, ನಗರವಾಲಾ ಪಾರ್ಸಿಗಳು, ನಾಯಕರು ಪುಣೆಯ ಬ್ರಾಹ್ಮಣ ಸಂಸ್ಕೃತ ಪಂಡಿತರು. ಇದೇ ಹಜಾರೆಯವರು ಮುಂಬಯಿಯ ಪಂಚಕೋಣ ಪಂದ್ಯಕ್ಕೆ ಹೋದರೆ ಅವರಿಗೆ ಹಿಂದೂ ತಂಡದಲ್ಲಿ ಸ್ಥಾನವಿಲ್ಲ, ಮುಸ್ಲಿಂ ತಂಡದಲ್ಲಿಲ್ಲ, ಪಾರ್ಸಿಗಳಲ್ಲಿಲ್ಲ, ಅವರು ಉಳಿದವರು. 1943ರಲ್ಲಿ ಆ ಉಳಿದವರ ತಂಡವು ಹಿಂದೂಗಳ ವಿರುದ್ಧ ಎರಡನೆಯ ಸರದಿಯಲ್ಲಿ ಮಾಡಿದ 387 ಓಟಗಳಲ್ಲಿ ಹಜಾರೆಯವರೊಬ್ಬರದೇ 309. ಪುಣೆಯಲ್ಲಿ ಮಹಾರಾಷ್ಟ್ರದವನಾಗಿ ಆಡಿದ ವ್ಯಕ್ತಿಯು ಮುಂಬಯಿಯಲ್ಲಿ ಉಳಿದವನಾಗುತ್ತಿದ್ದನೆಂದರೆ, ದೋಷವು ವ್ಯಕ್ತಿಯಲ್ಲಿರಲಿಲ್ಲವೆಂಬುದು ಸ್ಪಷ್ಟ.

ಆ ವರ್ಷ, ಎಂದರೆ 1939-40ರಲ್ಲಿ, ಪುಣೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸಂಯುಕ್ತ ಪ್ರಾಂತವನ್ನು ಹತ್ತು ವಿಕೆಟುಗಳಿಂದ ಸೋಲಿಸಿ ಮಹಾರಾಷ್ಟ್ರವು ಪ್ರಥಮ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಮರುವರ್ಷ ಮದರಾಸಿಗೆ ಹೋಗಿ, ಆ ತಂಡವನ್ನು ಅದರ ಊರಿನಲ್ಲೇ ಸೋಲಿಸಿ ಟ್ರೋಫಿಯನ್ನು ಉಳಿಸಿಕೊಂಡಿತು. ಆ ಮರುವರ್ಷದ ಋತುವಿನಲ್ಲೇ ಪುಣೆಯಲ್ಲಿ ಮುಂಬಯಿಯೊಡನೆ ನಡೆದ ಪಂದ್ಯವನ್ನು ಹಳಬರು ಬಹುಕಾಲ ಮಾತಾಡಿಕೊಂಡರು. ಪಂದ್ಯ ಮುಗಿಯದಿದ್ದರೆ ಮೊದಲ ಸರದಿಯಲ್ಲಿ ಮುಂದಿದ್ದವರಿಗೆ ಗೆಲುವೆಂಬುದು ನಿಯಮ. 48 ವರ್ಷದ ಪ್ರಾಧ್ಯಾಪಕರು ಬ್ಯಾಟು ಹಿಡಿದು ಹೋಗಿ 246 ಓಟಗಳನ್ನು ಮಾಡಿದರು. ಮಹಾರಾಷ್ಟ್ರದ ಓಟಗಳು 675, ಮುಂಬಯಿಯವು 650. ಅವರ ಜೀವಮಾನದ ಅತಿ ಹೆಚ್ಚಿನ ಓಟಗಳು ಅವೇ.

ಅದೇ 1940ರ ಡಿಸೆಂಬರಿನಲ್ಲಿ, ಪಂಚಕೋಣ ಪಂದ್ಯಗಳನ್ನು ನಡೆಸಬೇಕೇ ಬಾರದೇ ಎಂದು ಕೇಳಲು ಮುಂಬಯಿಯ ಹಿಂದೂ ಜಿಮ್ಖಾನಾದವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡರು. ಯುದ್ಧದ ಕಾಲ; ಸತ್ಯಾಗ್ರಹಿಗಳು ಸೆರೆಮನೆಯಲ್ಲಿದ್ದ ಕಾಲ. ಇಂಥ ಹೊತ್ತಿನಲ್ಲಿ ವಿನೋದವು ಬೇಡವೆಂದು ಗಾಂಧೀಜಿಯವರು ಹೇಳಿದ್ದು ನಿರೀಕ್ಷಿತವೇ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಕಾಲೇಜು ಕಾಲೇಜುಗಳ, ಸಂಸ್ಥೆ ಸಂಸ್ಥೆಗಳ ನಡುವಣ ಪಂದ್ಯಗಳು ತಮಗೆ ಅರ್ಥವಾಗುತ್ತವೆ, ಹಿಂದೂ ಪಾರ್ಸಿ ಮುಸ್ಲಿಮರೆಂದು ತಂಡ ಕಟ್ಟುವುದರ ಕಾರಣವು ಮಾತ್ರ ತಮಗೆಂದೂ ಅರ್ಥವಾಗಿಲ್ಲವೆಂಬ ಭಾವವನ್ನು ವ್ಯಕ್ತಪಡಿಸಿದರು. ಕ್ರಿಕೆಟ್ ಆಟದ ಒಳಹೊರಗನ್ನು ಅಷ್ಟಾಗಿ ಬಲ್ಲವರಲ್ಲದ ಗಾಂಧೀಜಿಯವರು, ಪುಣೆಯ ಕಾಲೇಜು ಮೈದಾನಗಳಲ್ಲಿ ನಿತ್ಯವೂ ನಡೆಯುತ್ತಿದ್ದುದನ್ನೇ ಮೇಲ್ಪಂಕ್ತಿಯಾಗಿ ತೋರಿಸಿದಂತಾಯಿತು. ಪಂಚಕೋಣವು ಒಮ್ಮೆಗೇ ನಿಲ್ಲಲಿಲ್ಲ. ಜನರು ಸಾವಿರಾರು ಸಂಖ್ಯೆಯಲ್ಲಿ ಬ್ರೆಬೋರ್ನ್ ಸ್ಟೇಡಿಯಮ್ಮಿಗೆ ಹೋಗುತ್ತಲೇ ಇದ್ದರು. ಆ ಗ್ಯಾಲರಿಗಳಲ್ಲಿ ರಜೆ ಪಡೆದು ಬಂದ ಗುಮಾಸ್ತರೂ ಇದ್ದರು. 1945-46ರ ಪಂದ್ಯಾವಳಿಯೇ ಕಡೆಯದಾಯಿತು.

1944ರ ನವೆಂಬರಿನಲ್ಲಿ ನವಾನಗರದ ವಿರುದ್ಧ ದೇವಧರರು ಒಂದೇ ಪಂದ್ಯದ ಎರಡು ಸರದಿಗಳಲ್ಲಿ 105 ಮತ್ತು 141 ಓಟಗಳನ್ನು ಮಾಡಿದರು. ವಯಸ್ಸು 52. ಅವರ ಶಿಷ್ಯರ ಪ್ರಾಯದ ಬೌಲರುಗಳು ಚೆಂಡೆಸೆದು ದಣಿದಿರಬೇಕು. 1946ರಲ್ಲಿ ಪ್ರಥಮ ದರ್ಜೆಯ ಆಟದಿಂದ ನಿವೃತ್ತರಾಗುವ ವೇಳೆಗೆ ಅವರ ಲೆಕ್ಕದಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿದ ಓಟಗಳಿದ್ದುವು.

1949ರಲ್ಲಿ ಪುಣೆಗೆ ತನ್ನದೇ ವಿಶ್ವವಿದ್ಯಾನಿಲಯವು ಬಂದಿತು. ಗಣೇಶಖಿಂಡದಲ್ಲಿ ಗವರ್ನರರು ವಾಸಿಸುತ್ತಿದ್ದ ಭವನದಲ್ಲಿ ಅದು ನೆಲೆಸಿತು. ಅದೇ ವರ್ಷದಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವೂ ಸ್ಥಾಪಿತವಾಗಿ, ಬಳಿಕ ಧಾರವಾಡದಲ್ಲಿ ಬೇರೂರಿತು. ಒಂದೇ ಟೊಪ್ಪಿಗೆಯ ಕೆಳಗಿದ್ದ ಪುಣೆ, ಧಾರವಾಡ, ಮುಂಬಯಿಯ ಹುಡುಗರು ಅಂದಿನಿಂದ ಮೂರು ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ತಂಡಗಳಾಗಿ ಎದುರುಬದುರು ನಿಂತರು. ಮುಂಬಯಿಯ ನೆರಳಿನಿಂದ ಹೊರಬಂದ ಪುಣೆಯ ಹುಡುಗರಿಗೆ ಇದರಿಂದ ಹೊಸ ಅವಕಾಶಗಳು ಒದಗಿದುವು. ಆದರೂ ಧಾರವಾಡದೊಡನೆ ಇದ್ದ ಆ ಹಳೆಯ ನಂಟು ಕಳಚಿತೆಂಬುದು ನಮ್ಮಂಥವರಿಗೆ ಸ್ವಲ್ಪ ಬೇಸರದ ವಿಷಯವೇ.

ಮನೆಯಲ್ಲಿಯೂ ದೇವಧರರು ಆಟವನ್ನು ಗಂಡುಮಕ್ಕಳ ಸ್ವತ್ತೆಂದು ಬಗೆಯಲಿಲ್ಲ. ಅವರ ಪುತ್ರಿಯರಾದ ತಾರಾ, ಸುಮನ್, ಸುಂದರ್ ಮೂವರೂ 1940ರ ದಶಕದಲ್ಲಿ ದೇಶದ ಮುಂಚೂಣಿಯ ಬ್ಯಾಡ್ಮಿಂಟನ್ ಆಟಗಾರ್ತಿಯರಾದರು. ಪುಣೆಯಂಥ ಸಂಪ್ರದಾಯಸ್ಥ ಊರಿನಲ್ಲಿ, ಒಬ್ಬ ಸಂಸ್ಕೃತ ಪಂಡಿತರ ಹೆಣ್ಣುಮಕ್ಕಳು ರಾಕೆಟ್ ಹಿಡಿದು ಊರೂರಿಗೆ ಪಂದ್ಯಕ್ಕೆ ಹೋದದ್ದು ಅಂದಿನ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಅವರ ಶತಕಗಳಿಗಿಂತ ಇದೇ ದೊಡ್ಡದೆಂದು ಹೇಳುವವರೂ ಇದ್ದಾರೆ.

ಆಟ ಬಿಟ್ಟ ಮೇಲೆ ಅವರು ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಭಾರತೀಯ ಕ್ರಿಕೆಟ್ ಮಂಡಳಿಯ ಉಪಾಧ್ಯಕ್ಷರಾಗಿ, ರಾಷ್ಟ್ರೀಯ ತಂಡದ ಆಯ್ಕೆಗಾರರಾಗಿ ದುಡಿದರು. 1965ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ದೊರೆತುವು. 1973-74ರಲ್ಲಿ ವಲಯಗಳ ನಡುವೆ ಒಂದು ದಿನದ ಪಂದ್ಯಾವಳಿಯನ್ನು ಆರಂಭಿಸಿದಾಗ ಅದಕ್ಕೆ ದೇವಧರ್ ಟ್ರೋಫಿಯೆಂದು ಹೆಸರಿಟ್ಟರು. 1992ರ ಜನವರಿಯಲ್ಲಿ ಅವರ ಆಯುಷ್ಯವೇ ಶತಕವನ್ನು ದಾಟಿತು. 1993ರ ಆಗಸ್ಟ್ 24ರಂದು ಪುಣೆಯಲ್ಲಿ ನಿಧನರಾದರು. 1996ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ನಾಲ್ವರು ಕ್ರಿಕೆಟಿಗರ ಚಿತ್ರಗಳುಳ್ಳ ಅಂಚೆಚೀಟಿಗಳನ್ನು ಹೊರತಂದಿತು: ಸಿ. ಕೆ. ನಾಯುಡು, ವಿನೂ ಮಂಕಡ್, ವಿಜಯ ಮರ್ಚಂಟ್ ಮತ್ತು ದೇವಧರ್. ನಾಲ್ವರಲ್ಲಿ ಭಾರತದ ಟೆಸ್ಟ್ ಟೊಪ್ಪಿಗೆಯನ್ನು ಧರಿಸದಿದ್ದವರು ಎಸ್.ಪಿ. ಕಾಲೇಜಿನ ಪ್ರಾಧ್ಯಾಪಕರೊಬ್ಬರೇ.